ಅರವತ್ತೊಂದನೆಯ ತೂತು

ಹೋದ ವಾರ ನಿಪ್ಪಟ್ಟಿಗೆ ಅಕ್ಕಿಹಿಟ್ಟೆಷ್ಟು, ಹುರಿಗಡಲೆ ಹಿಟ್ಟೆಷ್ಟು ಎಂದು ನೋಡಲು ಅಡುಗೆ ಪುಸ್ತಕ ತೆಗೆದೆ. ಅಡುಗೆ ಪುಸ್ತಕವೆಂದರೆ ಅಚ್ಚಾದದ್ದಲ್ಲ. ಮದುವೆಯಾಗಿ ಪಾಂಡವಪುರದ ಈ ಮನೆಗೆ ಬಂದ ಹೊಸದರಲ್ಲಿ, ಯಾರು ಏನು ಮಾಡಿ ಬಡಿಸಿದರೂ ಕೇಳಿ ಬರೆದುಕೊಂಡ ಇನ್ನೂರು ಪುಟದ ನೋಟ್‌ಬುಕ್ಕು. ಹದಿನೆಂಟು ವರ್ಷದಿಂದ ನಿಪ್ಪಟ್ಟು ಮಾಡುತ್ತಿದ್ದೇನೆ, ಹದಿನೆಂಟು ವರ್ಷದಿಂದಲೂ ಪುಸ್ತಕ ನೋಡಿಯೇ ಮಾಡುತ್ತೇನೆ. ನಮ್ಮತ್ತೆ ನಗುತ್ತಾರೆ. ಅವರನ್ನು ಮನೆಯವರೆಲ್ಲ ಕರೆಯುವ ಹಾಗೆ ನಾನೂ ಅವ್ವ ಎಂದೇ ಕರೆಯುವುದು. ಹಿಟ್ಟಿನ ಹದ ಕೈಗೇ ಗೊತ್ತಾಗಬೇಕಂತೆ. ನನ್ನ ಕೈಗೆ ಗೊತ್ತಾಗುವುದಿಲ್ಲ. ಕಾನ್ವೆಂಟಿನಲ್ಲಿ ಓದಿದ ಕೈ, ಬರೆದದ್ದನ್ನು ಮಾತ್ರ ನಂಬುತ್ತದೆ.

ನಿಪ್ಪಟ್ಟಿನ ಪುಟದಿಂದ ಒಂದು ಹಳೆಯ ಲಗ್ನಪತ್ರಿಕೆ ಜಾರಿ ಬಿತ್ತು. ದಪ್ಪ ರಟ್ಟಿನದು, ಅಂಚಿಗೆ ಚಿನ್ನದ ಬಣ್ಣದ ಬಳ್ಳಿ. ಯಾರ ಮದುವೆಯದೆಂದು ಓದಲು ಹೋದರೆ ವರನ ಹೆಸರಿನ ನಟ್ಟನಡುವೆ ಒಂದು ತೂತು. ವಧುವಿನ ಹೆಸರಿನಲ್ಲಿ ಎರಡು. ಮುಹೂರ್ತದ ಗಂಟೆಯ ಮೇಲೆ ಒಂದು. ಹೀಗೆ ಮೇಲಿನಿಂದ ಕೆಳಗಿನವರೆಗೆ, ಎರಡು ಪಟ್ಟಿಯಲ್ಲಿ, ಅಂಚು ಕಂದಿದ ಪುಟ್ಟ ಪುಟ್ಟ ತೂತುಗಳು. ಕಿಟಕಿಗೆ ಹಿಡಿದೆ. ಎದುರು ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳು ಬಿದ್ದವು. ಮೂಸಿ ನೋಡಿದೆ. ನಗಬೇಡಿ, ನಾಲ್ಕು ವರ್ಷವಾದರೂ ಗಂಧದ ಊದುಬತ್ತಿಯ ವಾಸನೆ ಇನ್ನೂ ಸ್ವಲ್ಪ ಇತ್ತು. ಅಥವಾ ಇದೆ ಎಂದು ನನಗೆ ಅನ್ನಿಸಿತು.

ನಮ್ಮ ಕಡೆ ಮನೆಗಳಲ್ಲಿ ಲಗ್ನಪತ್ರಿಕೆಯನ್ನು ಯಾರೂ ಎಸೆಯುವುದಿಲ್ಲ, ನಿಮಗೂ ಗೊತ್ತು. ಎಸೆದರೆ ಅವರ ಸಂಸಾರಕ್ಕೆ ಕೇಡು ಬಯಸಿದ ಹಾಗೆ. ಆದ್ದರಿಂದ ಅವು ದುಡಿಯುತ್ತವೆ. ರಾಗಿ ಹಿಟ್ಟು ಬಾಚುತ್ತವೆ, ಉಲ್ಲನ್ ದಾರ ಸುತ್ತಿಸಿಕೊಳ್ಳುತ್ತವೆ, ಕುಂಟುವ ಮಂಚದ ಕಾಲಿಗೆ ಒತ್ತಾಗುತ್ತವೆ. ಆದರೆ ಒಂದು ಹುಡುಗಿಯ ಮದುವೆಯನ್ನು ನಿಲ್ಲಿಸಿದ ಲಗ್ನಪತ್ರಿಕೆ ಇದೊಂದೇ ಇರಬೇಕು.

ಆ ಹುಡುಗಿ ರತ್ನ. ನಮ್ಮ ಯಜಮಾನರ ಅಕ್ಕನ ಮಗಳು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಮೊದಲಾಗಿ, ಸೈನ್ಸ್ ಓದಲು ನಮ್ಮ ಮನೆಗೆ ಬಂದಿದ್ದಳು. ಒಂದು ಟ್ರಂಕು, ಒಂದು ಡಬ್ಬಿ ತುಪ್ಪ, ಎರಡು ಜಡೆ. ನನ್ನನ್ನು ಅತ್ತೆಮ್ಮ ಎನ್ನುತ್ತಿದ್ದಳು, ಅದೂ ಕರೆಯಲೇಬೇಕಾದಾಗ ಮಾತ್ರ. ಅಷ್ಟು ಮೌನದ ಹುಡುಗಿಯನ್ನು ನಾನು ನೋಡಿಯೇ ಇರಲಿಲ್ಲ. ಒಮ್ಮೆ ಅವಳ ಕೋಣೆಯ ಬಲ್ಬು ಹೋಗಿ ಮೂರು ದಿನವಾದರೂ ಹೇಳಲಿಲ್ಲ. ಸಂಜೆಯಾದರೆ ಕಿಟಕಿಯ ಹತ್ತಿರ, ಬೆಳಕು ಕಡಿಮೆಯಾದ ಹಾಗೆ ಪುಸ್ತಕವನ್ನು ಕಂಬಿಗೆ ಹತ್ತಿರ ಹತ್ತಿರ ಹಿಡಿದು ಓದುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದರೆ, ನೀವು ಕೆಲಸದಲ್ಲಿದ್ರಿ ಎಂದಳು. ಮೂರು ದಿನವೂ ಕೆಲಸದಲ್ಲಿದ್ದೆನೇ? ಇದ್ದೆನೇನೋ.

ಅವಳಿಗೆ ಡಾಕ್ಟರಾಗುವ ಆಸೆಯಿದೆ ಎಂಬುದು ಗೊತ್ತಾಗಿದ್ದೂ ಅವಳು ಹೇಳಿ ಅಲ್ಲ. ಅವ್ವನಿಗೆ ಮಂಡಿನೋವು. ನಾಗಮಂಗಲದ ಕಡೆ ಮಠದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರತ್ನಳೂ ಬಂದಿದ್ದಳು. ಅಲ್ಲಿ ಬಿಳಿ ಕೋಟಿನ ಹುಡುಗಿಯರು ನಗುತ್ತಾ ವಾರ್ಡಿನಿಂದ ವಾರ್ಡಿಗೆ ಹೋಗುತ್ತಿದ್ದರು. ಇವಳು ಅವರ ಮುಖ ನೋಡಲಿಲ್ಲ. ಕೋಟಿನ ಜೇಬಿನಿಂದ ಇಣುಕುತ್ತಿದ್ದ ರಬ್ಬರ್ ಕೊಳವೆಯನ್ನೇ ನೋಡುತ್ತಿದ್ದಳು, ಜಾತ್ರೆಯಲ್ಲಿ ಮಕ್ಕಳು ಬೊಂಬೆಯನ್ನು ನೋಡುವ ಹಾಗಲ್ಲ, ಅಕ್ಕಸಾಲಿಗನ ಮಗಳು ಓಲೆಯನ್ನು ನೋಡುವ ಹಾಗೆ. ಬಸ್ಸಿನಲ್ಲಿ ನಾನೇ ಕೇಳಿದೆ. ತಲೆಯಾಡಿಸಿದಳು, ಅಷ್ಟೆ.

ಸಿಇಟಿ ಎನ್ನುವುದು ಆಗಷ್ಟೇ ಶುರುವಾಗಿದ್ದ ಕಾಲ. ಪಿಯುಸಿಯಲ್ಲಿ ಎಷ್ಟು ಬಂದರೂ ಈ ಪರೀಕ್ಷೆ ಬೇರೆ ಬರೆಯಬೇಕು, ಬರೆಯುವುದೆಂದರೆ ಬರೆಯುವುದಲ್ಲ, ಒಂದೊಂದು ಪ್ರಶ್ನೆಗೂ ನಾಲ್ಕು ಸೊನ್ನೆ ಕೊಟ್ಟಿರುತ್ತಾರೆ, ಸರಿಯಾದ ಒಂದನ್ನು ಕಪ್ಪು ಮಾಡಬೇಕು ಎಂದು ವಿವರಿಸಿದಾಗ ಅವ್ವ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಕೇಳಿದರು, "ಡಾಕ್ಟ್ರಾಗಕ್ಕೆ ಬೊಟ್ಟಿಕ್ಕದಾ?"

ಬೊಟ್ಟಿಕ್ಕುವುದೇ. ಅರವತ್ತು ಬೊಟ್ಟಿನಲ್ಲಿ ಐವತ್ತಾದರೂ ಸರಿಯಾಗಬೇಕು, ಆಗ ಆಸೆ ಇಟ್ಟುಕೊಳ್ಳಬಹುದು ಎಂದು ಟ್ಯೂಷನ್ ಮೇಷ್ಟರು ಹೇಳಿದ್ದರು. ಆ ಐವತ್ತು ಎಂಬ ಮಾತು ಅಕ್ಕಿಹೆಬ್ಬಾಳಿಗೂ ತಲುಪಿತ್ತು. ರತ್ನಳ ಅಪ್ಪ ಚಿಕ್ಕೇಗೌಡರು ನಾಲ್ಕು ಹಸು ಕಟ್ಟಿಕೊಂಡು, ಹೊಳೆ ಪಕ್ಕದ ಜಮೀನು ಮಾಡಿಕೊಂಡಿರುವ ಒಳ್ಳೆಯ ಮನುಷ್ಯ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅವರಿಗೆ ನಾಗಮಂಗಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಹೈಸ್ಕೂಲು ಮೇಷ್ಟರು, ಕುಡಿತವಿಲ್ಲ, ಮನೆ ಸ್ವಂತದ್ದು. ವೈಶಾಖದೊಳಗೆ ಮದುವೆಯಾಗಲಿ ಎಂದು ಆ ಕಡೆಯವರ ಆತುರ. ಐವತ್ತು ಬರುವಂತಿದ್ದರೆ ಓದಿಸುತ್ತೇನೆ, ಇಲ್ಲವಾದರೆ ಇಂಥ ಹುಡುಗನನ್ನು ಬಿಡುವುದಿಲ್ಲ ಎಂದು ಅವರು ನಮ್ಮ ಜಗಲಿಯ ಮೇಲೆ ಕೂತು ಹೇಳಿದ್ದರು. ಅದರಲ್ಲಿ ತಪ್ಪೇನಿತ್ತು, ನೀವೇ ಹೇಳಿ. ರತ್ನ ಒಳಗೆ ಅವರೆಕಾಯಿ ಬಿಡಿಸುತ್ತಿದ್ದಳು. ಕಾಳು ಬಟ್ಟಲಿಗೆ ಬೀಳುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಕಾಲೇಜಿನ ಪರೀಕ್ಷೆಗಳಲ್ಲಿ ಅವಳಿಗೆ ಬರೆಯುವುದೇನೋ ಬರುತ್ತಿತ್ತು. ಆದರೆ ಹೊಸ ಜಾಗ, ಹೊಸ ಮುಖ, ಗಂಟೆಯ ಸದ್ದು, ಇಷ್ಟಕ್ಕೇ ಅಂಗೈ ಬೆವರಿ ಪೆನ್ನು ಜಾರುತ್ತಿತ್ತು. ಆಗ ನನಗೆ ನೆನಪಾದದ್ದು ನಮ್ಮ ಕಾನ್ವೆಂಟಿನ ಬೆಂಕಿ.

ಬೆಂಕಿಯೆಂದರೆ ಬಿದ್ದ ಬೆಂಕಿಯಲ್ಲ. ಮೈಸೂರಿನಲ್ಲಿ ನಾನು ಹಾಸ್ಟೆಲಿನಲ್ಲಿದ್ದಾಗ ವರ್ಷಕ್ಕೆರಡು ಸಲ ಸಿಸ್ಟರ್ ಇದ್ದಕ್ಕಿದ್ದ ಹಾಗೆ ಗಂಟೆ ಬಾರಿಸುತ್ತಿದ್ದರು. ನಾವೆಲ್ಲ ಪುಸ್ತಕ ಅಲ್ಲೇ ಬಿಟ್ಟು, ತುಟಿಯ ಮೇಲೆ ಬೆರಳಿಟ್ಟು, ಇಬ್ಬಿಬ್ಬರಾಗಿ ಮೆಟ್ಟಿಲಿಳಿದು ಅಂಗಳದ ಹಲಸಿನ ಮರದ ಕೆಳಗೆ ನಿಲ್ಲಬೇಕು. ಓಡುವ ಹಾಗಿಲ್ಲ, ಕೂಗುವ ಹಾಗಂತೂ ಇಲ್ಲವೇ ಇಲ್ಲ. ಬೆಂಕಿಯಲ್ಲಿ ಬೆಂದರೂ ದೊಡ್ಡ ದನಿ ತೆಗೆಯಬಾರದು ಎಂಬುದು ನಾನು ಅಲ್ಲಿ ಕಲಿತ ಮುಖ್ಯ ಪಾಠ. ಬೆಂಕಿ ಕೊನೆಗೂ ಬೀಳಲಿಲ್ಲ. ಆದರೆ ಬಿದ್ದಿದ್ದರೆ ನಾವು ಎಷ್ಟು ಚೆನ್ನಾಗಿ ಇಳಿದು ಬರುತ್ತಿದ್ದೆವು ಎಂಬ ಧೈರ್ಯ ಇವತ್ತಿಗೂ ಇದೆ. ಹಾಗಾದರೆ ಪರೀಕ್ಷೆಗೂ ಒಂದು ತಾಲೀಮು ಮನೆಯಲ್ಲೇ ಯಾಕೆ ನಡೆಸಬಾರದು?

ಸೈನ್ಸಿನಲ್ಲಿ ನಾನು ಸೊನ್ನೆ. ನನಗೆ ಬರುವುದು ಅಕ್ಷರ ದುಂಡಗೆ ಬರೆಯುವುದೊಂದೇ. ಗೈಡು ನೋಡಿ ಬಯಾಲಜಿಯ ಅರವತ್ತು ಪ್ರಶ್ನೆ ಬರೆದೆ. ಉತ್ತರದ ಹಾಳೆಗೆ ಬೇಕಾದ ಇನ್ನೂರ ನಲವತ್ತು ಸೊನ್ನೆಗಳನ್ನು ಪೆನ್ನಿನ ಮುಚ್ಚಳವನ್ನು ಸ್ಟಾಂಪ್ ಪ್ಯಾಡಿಗೆ ಒತ್ತಿ ಒತ್ತಿ ಮೂಡಿಸಿದೆ. ನಮ್ಮವರು ನೀರಾವರಿ ಇಲಾಖೆಯಲ್ಲಿದ್ದಾರೆ, ಸ್ಟಾಂಪ್ ಪ್ಯಾಡಿಗೆ ಬರವಿಲ್ಲ. ತಿದ್ದುವುದಕ್ಕೆ ಏನು ಮಾಡುವುದು? ಅದಕ್ಕೇ ಲಗ್ನಪತ್ರಿಕೆ. ಸರಿಯುತ್ತರದ ಜಾಗದಲ್ಲಿ ಮಾತ್ರ ಊದುಬತ್ತಿಯ ಕೆಂಡ ತಾಗಿಸಿ ತೂತು ಮಾಡಿದೆ. ಉತ್ತರದ ಹಾಳೆಯ ಮೇಲೆ ಇದನ್ನು ಇಟ್ಟರೆ, ತೂತಿನಲ್ಲಿ ಕಪ್ಪು ಕಂಡರೆ ಸರಿ, ಬಿಳಿ ಕಂಡರೆ ತಪ್ಪು. ಮಾಡಿ ಮುಗಿಸಿದಾಗ ಎಂಥ ಹೆಮ್ಮೆ! ಮನೆ ತುಂಬ ದೇವರ ಕೋಣೆಯ ವಾಸನೆ.

ಮೇಲ್ವಿಚಾರಕಿಯಾಗಿ ಅವ್ವನನ್ನೇ ನೇಮಿಸಿದೆ. ಓದು ಬರುವುದಿಲ್ಲ, ಅಂದಮೇಲೆ ಉತ್ತರ ಹೇಳಿಕೊಡುವ ಭಯವೂ ಇಲ್ಲ. ನನ್ನ ನಿಯಮಗಳಿಗೆಲ್ಲ ಒಪ್ಪಿದರು, ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಸುಳ್ಳು ಪರೀಕ್ಷೆಗೆ ದೇವರ ಗಂಟೆ ಬಾರಿಸುವುದಿಲ್ಲವಂತೆ. ಸರಿ, ಹಿತ್ತಾಳೆ ತಟ್ಟೆ, ಸೌಟು. ನಮ್ಮವರು ಮನೆಯಲ್ಲಿದ್ದರೆ ಕೆಮ್ಮುತ್ತಾರೆಂದು ಕಿರಂಗೂರಿನ ಸ್ನೇಹಿತರ ಮನೆಗೆ ಸಾಗಹಾಕಿದೆ.

ಭಾನುವಾರ ಬೆಳಿಗ್ಗೆ ರತ್ನ ಸ್ನಾನ ಮಾಡಿ, ನಾನು ಬರೆದ ಹಾಲ್ ಟಿಕೆಟ್ಟು ಹಿಡಿದು ನಿಂತಳು. ನಿಜವಾದ ಪರೀಕ್ಷೆಯ ದಿನ ಮೈಸೂರಿಗೆ ಹೋಗಬೇಕಲ್ಲ, ಅದರ ಬದಲು ಇವತ್ತು ಬಸ್ ಸ್ಟ್ಯಾಂಡಿನವರೆಗೆ ನಡೆದು, ಹತ್ತು ನಿಮಿಷ ಜನರ ಮಧ್ಯೆ ನಿಂತು, ವಾಪಸು ಬರುವುದೆಂದು ಗೊತ್ತುಮಾಡಿದ್ದೆ. ಅವ್ವ ಮೊಸರು ಸಕ್ಕರೆ ಕೊಟ್ಟು ಬಲಗಾಲಿಟ್ಟು ಹೊರಡಿಸಿದರು. ಅವಳು ಬೀದಿಗಿಳಿದ ಮೇಲೆ ನೋಡುತ್ತೇನೆ, ಪೆನ್ನು ಮೇಜಿನ ಮೇಲೇ ಇದೆ.

ಈ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಕೆಲಸದ ಮೇಲೆ ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕೂಗಬಾರದು. ಕೂಗಿದರೆ ಹೋದ ಕೆಲಸ ಕೆಡುತ್ತದೆ. ಅಪ್ಪಿತಪ್ಪಿ ಕೂಗಿದರೆ ಅವರು ವಾಪಸು ಬಂದು, ಕೂತು, ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಒಮ್ಮೆ ನಮ್ಮವರು ಕನ್ನಡಕ ಮರೆತು ಬೆಂಗಳೂರಿಗೆ ಹೋದರೂ ಯಾರೂ ಕೂಗಿರಲಿಲ್ಲ. ನಾನು ಪೆನ್ನು ಹಿಡಿದು ಹಿತ್ತಲ ಬಾಗಿಲಿಂದ ಓಡಿ, ನಾಲೆಯ ಪಕ್ಕದ ಓಣಿಯಲ್ಲಿ ಸುತ್ತಿ, ಅವಳ ಎದುರಿಗೆ ಬಂದು, ಅಕಸ್ಮಾತ್ತಾಗಿ ಸಿಕ್ಕವಳ ಹಾಗೆ ಪೆನ್ನು ಕೊಟ್ಟೆ. ಏದುಸಿರು ಬಿಡುತ್ತಿದ್ದೆ, ತಲೆಯಲ್ಲಿ ಲಂಟಾನದ ಎಲೆ. ರತ್ನ ನಗಲಿಲ್ಲ. ಎಲೆ ತೆಗೆದು ಥ್ಯಾಂಕ್ಸ್ ಅತ್ತೆಮ್ಮ ಎಂದಳು.

ಹತ್ತು ಗಂಟೆಗೆ ಸೌಟು ತಟ್ಟೆಗೆ ಬಿತ್ತು. ನಡುಮನೆಯಲ್ಲಿ ಮೇಜು, ಕುರ್ಚಿ, ರತ್ನ. ಎದುರಿಗೆ, ಹಸಿರು ಅಂಚಿನ ರೇಷ್ಮೆ ಸೀರೆಯುಟ್ಟು, ಕೋಳಿ ಅಟ್ಟುವ ಕೋಲು ಮಡಿಲಲ್ಲಿಟ್ಟುಕೊಂಡು ಅವ್ವ. "ಯಾರೂ ಬಾಯಿ ಬುಡಂಗಿಲ್ಲ," ಎಂದು ಒಬ್ಬಳೇ ಇದ್ದ ಅಭ್ಯರ್ಥಿಗೆ ಗದರಿದರು. ನಾನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಸೊಪ್ಪಿನವಳು ಕೂಗಿಕೊಂಡು ಹೋದಳು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬಂದು ಕಾಕಂಬಿಯ ವಾಸನೆ ತುಂಬಿತು. ರತ್ನ ತಲೆಯೆತ್ತಲಿಲ್ಲ. ನನಗೆ ಎದೆಯಲ್ಲಿ ಏನೋ ಹಗುರವಾಗುತ್ತಾ ಬಂತು.

ಅಷ್ಟರಲ್ಲಿ ಅಂಗಳಕ್ಕೆ ಚಿಕ್ಕೇಗೌಡಣ್ಣ ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ತುಪ್ಪದ ಡಬ್ಬಿ, ಕಂಕುಳಲ್ಲಿ ದಂಟಿನ ಸೊಪ್ಪಿನ ಕಟ್ಟು. ಅಳಿಯಂದಿರು ಬಂದರೆ ಅವ್ವ ತಟ್ಟನೆ ಎದ್ದು ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲುವವರು. ಅವತ್ತು ಏಳಲಿಲ್ಲ. ಕೂತಲ್ಲಿಂದಲೇ ತುಟಿಯ ಮೇಲೆ ಬೆರಳಿಟ್ಟು, ಕೋಲಿನಿಂದ ಅಂಗಳದ ಕಡೆ ತೋರಿಸಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ತನಗೆ ಕೋಲು ತೋರಿಸಿದ್ದು ನೋಡಿ, ಆ ದೊಡ್ಡ ಮನುಷ್ಯ ಸೊಪ್ಪಿನ ಕಟ್ಟನ್ನೂ ಕೆಳಗಿಳಿಸದೆ ತುಳಸಿಕಟ್ಟೆಯ ಹತ್ತಿರ ಮತ್ತೆ ತಟ್ಟೆ ಬಾರಿಸುವವರೆಗೂ ನಿಂತಿದ್ದರು.

ಪರೀಕ್ಷೆ ಮುಗಿಯಿತು. ನಾನು ಹಾಳೆಯ ಮೇಲೆ ಲಗ್ನಪತ್ರಿಕೆ ಇಟ್ಟೆ. ಮೊದಲಿಗೆ ಕಪ್ಪು, ಕಪ್ಪು, ಕಪ್ಪು. ಆಮೇಲೆ ಬಿಳಿ. ಮತ್ತೆ ಬಿಳಿ. ಬಿಳಿಯ ಮಧ್ಯೆ ಎಲ್ಲೋ ಒಂದು ಕಪ್ಪು. ಮೂರು ಸಲ ಎಣಿಸಿದೆ. ಅರವತ್ತಕ್ಕೆ ಹತ್ತೊಂಬತ್ತು.

ಎಷ್ಟು ಬಂತಮ್ಮ ಎಂದು ಚಿಕ್ಕೇಗೌಡಣ್ಣ ಕೇಳಿದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದರೆ ಹೆಚ್ಚಾಯಿತು. ಸುಳ್ಳು ಹೇಳುವಷ್ಟು ಬೇಗ ಯೋಚಿಸಲು ಬರುವುದಿಲ್ಲ. ಹತ್ತೊಂಬತ್ತು ಎಂದುಬಿಟ್ಟೆ. ಇದು ತಾಲೀಮು ಅಷ್ಟೆ, ನಿಜವಾದ್ದಲ್ಲ ಎಂದು ಸೇರಿಸಿದೆ.

ಅವರು ಊಟ ಮಾಡುತ್ತಾ ಮೆಲ್ಲಗೆ ಹೇಳಿದರು. ಊರಿನ ನಾಟಕದಲ್ಲಿ ಅವರು ಗದೆ ಹೊರುವ ಪಾತ್ರ ಮಾಡಿದವರು, ತಾಲೀಮು ಎಂದರೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. "ಪ್ರಾಕ್ಟೀಸಲ್ಲಿ ಮಾತು ಮರ್ತೋನು ಸ್ಟೇಜ್ ಮ್ಯಾಲೆ ಗ್ಯಾಪ್ನ ಮಾಡ್ಕಂಡಾನಾ, ಶೈಲಮ್ಮ? ಮಗೀನ ಸುಮ್ನೆ ಯಾಕೆ ಸಂಕ್ಟಕ್ಕೆ ಆಕದು. ಬುಡಿ. ನಾನು ಇಂಗೇ ನಾಗಮಂಗ್ಲದ ಬಸ್ಸತ್ತಿ, ಬರೋ ವಾರ ನೋಡಕ್ಕೆ ಬನ್ನಿ ಅಂತ ಏಳ್ಬುಟ್ಟು ಬತ್ತೀನಿ."

ಕೋಪವಿಲ್ಲ, ದೊಡ್ಡ ದನಿಯಿಲ್ಲ. ಮುದ್ದೆ ಮುರಿಯುತ್ತಿದ್ದ ಬೆರಳು ಮಾತ್ರ ಸ್ವಲ್ಪ ನಿಧಾನವಾಗಿತ್ತು. ಅವರಿಗೂ ಆಸೆಯಿತ್ತೆಂದು ನನಗೆ ಆಗ ತಿಳಿಯಿತು. ರತ್ನ ಅಪ್ಪನ ತಟ್ಟೆ ತೆಗೆದುಕೊಂಡು ಹೋಗಿ ತೊಳೆದಳು. ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು.

ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ನಾನು ಮಾಡಲು ತೋಚದೆ ಉತ್ತರದ ಹಾಳೆಯನ್ನು ಮಡಿಸಿಡಲು ಹೋದೆ. ಅರವತ್ತನೆಯ ಸಾಲಿನಲ್ಲಿ ಒಂದೂ ಕಪ್ಪಿರಲಿಲ್ಲ, ನಾಲ್ಕೂ ಸೊನ್ನೆ ಖಾಲಿ. ಕೊನೆಯದಕ್ಕೆ ಸಮಯ ಸಾಲಲಿಲ್ಲವೇನೇ ಎಂದು ಕೇಳಿದೆ.

"ಇಲ್ಲ ಅತ್ತೆಮ್ಮ. ಅರವತ್ತನೇದು ಮಾಡ್ದೆ. ಹದಿನೇಳನೇದು ಆಮೇಲೆ ಮಾಡಾಣ ಅಂತ ಬಿಟ್ಟಿದ್ದೆ."

ಪ್ರಶ್ನೆ ಬಿಟ್ಟಿದ್ದಳು, ಹಾಳೆಯಲ್ಲಿ ಅದರ ಸಾಲು ಬಿಡಲು ಮರೆತಿದ್ದಳು. ಹದಿನೆಂಟರ ಉತ್ತರ ಹದಿನೇಳರ ಸಾಲಿಗೆ, ಹತ್ತೊಂಬತ್ತರದು ಹದಿನೆಂಟಕ್ಕೆ, ಹೀಗೆ ಕೊನೆಯವರೆಗೂ ಒಂದೊಂದು ಮೇಲೆ ಸರಿದಿತ್ತು. ನಾನು ಲಗ್ನಪತ್ರಿಕೆಯನ್ನು ಮತ್ತೆ ಇಟ್ಟು, ಮೆಲ್ಲಗೆ ಒಂದೇ ಒಂದು ಸಾಲು ಮೇಲಕ್ಕೆ ಜರುಗಿಸಿದೆ.

ಹೆಚ್ಚುಕಡಿಮೆ ತೂತುಗಳೆಲ್ಲ ಒಟ್ಟಿಗೇ ಕಪ್ಪಾದವು.

ದೀಪಾವಳಿಯ ದೀಪದ ಸಾಲು ಹತ್ತಿಕೊಳ್ಳುವುದನ್ನು ನೋಡಿದ್ದೀರಲ್ಲ, ಅದನ್ನೇ ಕಪ್ಪಿನಲ್ಲಿ ನೋಡಿದ ಹಾಗೆ. ಯಾವಾಗ ಗೊತ್ತಾಯಿತೇ ಎಂದೆ. ಪರೀಕ್ಷೆ ಮುಗಿಯಲು ಇನ್ನೂ ಹದಿನೈದು ನಿಮಿಷ ಇರುವಾಗಲೇ ಗೊತ್ತಾಯಿತಂತೆ. ಇನ್ನೊಂದು ಹಾಳೆ ಕೇಳಬಹುದಿತ್ತಲ್ಲೇ ಎಂದರೆ, ತಲೆ ತಗ್ಗಿಸಿ ಹೇಳಿದಳು, "ಬಾಯಿ ಬಿಡಬಾರ್ದು ಅಂದಿದ್ರಲ್ಲ ಅಜ್ಜಿ."

ನಾನು ಹಾಳೆ, ಲಗ್ನಪತ್ರಿಕೆ ಎರಡನ್ನೂ ಹಿಡಿದು ಬಾಗಿಲಿಗೆ ಓಡಿದೆ. ಚಿಕ್ಕೇಗೌಡಣ್ಣ ಬೀದಿಯ ಕೊನೆಯ ಹುಣಸೆಮರದ ಹತ್ತಿರ ಇದ್ದರು. ಇನ್ನು ಹತ್ತು ಹೆಜ್ಜೆಗೆ ತಿರುವು, ತಿರುವಿನಾಚೆ ಬಸ್ ಸ್ಟ್ಯಾಂಡು. ಓಣಿ ಸುತ್ತಿ ಹೋದರೆ ಸಿಗುವುದಿಲ್ಲ. ಬಾಯಿ ತೆರೆದೆ, ದನಿ ಬರಲಿಲ್ಲ. ಒಂದು ಕಡೆ ಈ ಮನೆಯ ಕಟ್ಟುಪಾಡು, ಇನ್ನೊಂದು ಕಡೆ ನನ್ನ ಸಿಸ್ಟರ್‌ಗಳು, ಎಲ್ಲರೂ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ಅಸಹಾಯಕಳಾಗಿ ತಿರುಗಿ ನೋಡಿದರೆ ಹಿಂದೆ ಅವ್ವ, ಕೈಯಲ್ಲಿ ಇನ್ನೂ ಆ ಕೋಲು.

ಕಾರಣ ಹೇಳಿದೆ, ಎರಡೇ ಮಾತಿನಲ್ಲಿ. ಅವ್ವ ಒಂದು ಕ್ಷಣ ಅಳಿಯನ ಬೆನ್ನು ನೋಡಿದರು. ಆಮೇಲೆ ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ತುಂಟತನ ಬಂತು.

"ಕೂಗಮ್ಮಿ. ಇಂದ್ಲಿಂದ್ಲೇ ಕೂಗು. ಓಗೋ ಕೆಲ್ಸ ಕೆಡ್ಲಿ."

ನಾನು ಕೂಗಿದೆ. ಅಣ್ಣಾ ಎಂದು ಕೂಗಿದ್ದು, ಆದರೆ ಅಷ್ಟು ದೊಡ್ಡ ಶಬ್ದ ನನ್ನ ಗಂಟಲಿನಲ್ಲಿ ಇತ್ತೆಂದು ನನಗೇ ತಿಳಿದಿರಲಿಲ್ಲ. ಎದುರು ಮನೆಯ ನಾಯಿ ಎದ್ದು ಕೂತಿತು. ಹುಣಸೆಮರದಿಂದ ಕಾಗೆಗಳು ಹಾರಿದವು. ಚಿಕ್ಕೇಗೌಡಣ್ಣ ನಿಂತಲ್ಲೇ ನಿಂತರು. ಅವರ ಬೆನ್ನಿನಲ್ಲೇ ಅವರ ಬೇಸರ ಕಾಣಿಸುತ್ತಿತ್ತು. ಹಿಂದಿನಿಂದ ಕೂಗಿಸಿಕೊಂಡಾಯಿತು, ಇನ್ನು ವಾಪಸು ಬರಲೇಬೇಕು, ಕೂರಲೇಬೇಕು, ನೀರು ಕುಡಿಯಲೇಬೇಕು.

"ಏನಮ್ಮ ಶೈಲಮ್ಮ, ಓದಿದೋಳಾಗಿ ಇಂಗೆ ಕೂಗ್ಬುಟ್ಟೆಯಲ್ಲ," ಎನ್ನುತ್ತಾ ಬಂದು ಜಗಲಿಯ ಮೇಲೆ ಕೂತರು. ರತ್ನ ಚೊಂಬಿನಲ್ಲಿ ನೀರು ತಂದಳು. ನಾನು ಹಾಳೆಯನ್ನು ಜಗಲಿಯ ಮೇಲೆ ಹಾಸಿ, ಮೇಲೆ ಲಗ್ನಪತ್ರಿಕೆ ಇಟ್ಟು, ಮೊದಲು ಬಿಳಿ ತೋರಿಸಿದೆ. ಆಮೇಲೆ ಒಂದು ಸಾಲು ಜರುಗಿಸಿದೆ. ಚೊಂಬು ಅವರ ಬಾಯಿಯವರೆಗೆ ಹೋದದ್ದು ಅಲ್ಲೇ ನಿಂತಿತು. ಇನ್ನೊಂದು ಸಲ ತೋರ್ಸು ಎಂದರು. ತೋರಿಸಿದೆ. ಆಮೇಲೆ ತಾವೇ ತಮ್ಮ ದಪ್ಪ ಬೆರಳಿನಿಂದ ಲಗ್ನಪತ್ರಿಕೆಯನ್ನು ಕೆಳಗೆ ಎಳೆದರು, ಮೇಲೆ ತಳ್ಳಿದರು. ಬಿಳಿ, ಕಪ್ಪು. ಬಿಳಿ, ಕಪ್ಪು.

ಬೆರಳು ತೆಗೆದು ಮಗಳ ಕಡೆ ನೋಡಿದರು. "ಕೂರಿಗೆ ಒಂದು ಸಾಲು ತಪ್ಪೈತೆ. ಬಿತ್ತಿರೋ ಬೀಜ ಎಲ್ಲಾ ಸರಿಯಾಗೇ ಐತೆ. ಅಲ್ವೇನವ್ವ?"

ರಾಗಿ ಬಿತ್ತುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ ನೋಡಿ.

ಹಾಗಾದರೆ ಎಷ್ಟಾಯಿತು ಎಂದು ಕೇಳಿದರು. ಮೇಲಿನ ಹದಿನಾರನ್ನು ಇದ್ದ ಹಾಗೇ, ಕೆಳಗಿನದನ್ನು ಜರುಗಿಸಿ, ಎರಡೂ ಸೇರಿಸಿ ಎಣಿಸಿದೆ. ನಲವತ್ತೊಂಬತ್ತು. ಐವತ್ತು ಎಂದು ಅವರು ಹೇಳಿದ್ದ ಜಾಗದಲ್ಲೇ ಕೂತಿದ್ದರು. ರತ್ನ ಕಂಬ ಹಿಡಿದು ನಿಂತಿದ್ದಳು. ಏನೋ ಹೇಳಲು ಬಂದವಳ ಹಾಗೆ ತುಟಿ ತೆರೆದು ಮತ್ತೆ ಮುಚ್ಚಿದಳು.

"ಒಂದು ಕಮ್ಮಿಯಾಯ್ತಲ್ಲ," ಎಂದರು ಚಿಕ್ಕೇಗೌಡಣ್ಣ.

ಅಷ್ಟರಲ್ಲಿ ತಿರುವಿನಾಚೆ ನಾಗಮಂಗಲದ ಬಸ್ಸು ಹಾರನ್ ಹೊಡೆದುಕೊಂಡು ಹೊರಟ ಸದ್ದು ಕೇಳಿಸಿತು. ಅವರು ಏಳಲಿಲ್ಲ. ಚೊಂಬಿನ ನೀರನ್ನು ಪೂರ್ತಿ ಕುಡಿದು, ಟವೆಲಿನಿಂದ ಮೀಸೆ ಒರೆಸಿಕೊಂಡು, ಬಸ್ಸು ಹೋಯ್ತು ಬುಡಿ ಎಂದರು. ಆಮೇಲೆ ಒಳಗಿದ್ದ ಅವ್ವನಿಗೆ ಕೇಳಿಸುವಂತೆ, ಇನ್ನೊಂದು ಸಲ ಪ್ರಾಕ್ಟೀಸು ಯಾವಾಗ ಎಂದು ಕೇಳಿದರು.

ಅವತ್ತು ಸಂಜೆ ಅವರು ಹತ್ತಿದ್ದು ಕೆ.ಆರ್. ಪೇಟೆಯ ಬಸ್ಸು, ತಮ್ಮ ಊರಿನ ದಾರಿ.

ಆಮೇಲೆ ಇನ್ನೂ ಮೂರು ತಾಲೀಮು ನಡೆದವು. ಅವ್ವ ನಿಯಮ ಬದಲಿಸಿದರು. ಪ್ರತಿ ಪರೀಕ್ಷೆಯಲ್ಲೂ ರತ್ನ ಎರಡು ಸಲವಾದರೂ ಕೈಯೆತ್ತಿ ಏನಾದರೂ ಕೇಳಲೇಬೇಕು. ಏನೂ ಬೇಡದಿದ್ದರೆ ನೀರನ್ನಾದರೂ ಕೇಳಬೇಕು. ಕೇಳದಿದ್ದರೆ ತಟ್ಟೆ ಬಾರಿಸುವುದಿಲ್ಲ, ಪರೀಕ್ಷೆ ಮುಗಿಯುವುದೇ ಇಲ್ಲ. ಮೊದಲ ಸಲ ಅವಳು ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ತಲೆ ಕೆರೆದುಕೊಂಡವಳ ಹಾಗೆ ಇಳಿಸಿದಳು. ಅದು ಲೆಕ್ಕಕ್ಕಿಲ್ಲ ಎಂದರು ಅವ್ವ. ಎರಡನೆಯ ಸಲ ಬೆರಳು ತಲೆಯ ಮೇಲಕ್ಕೆ ಬಂತು. ಮೂರನೆಯ ತಾಲೀಮಿನಲ್ಲಿ, ಅಜ್ಜಿಗೆ ನಿದ್ದೆ ಬಂದಿದೆ, ತಟ್ಟೆ ಬಾರಿಸುವ ಹೊತ್ತಾಯಿತು ಎಂದು ಅವಳೇ ಕೈಯೆತ್ತಿ ಹೇಳಿದಳು. ಅವ್ವ ಕಣ್ಣು ಬಿಟ್ಟು, ನಿದ್ದೆಯಲ್ಲ, ಮಂಡಿನೋವಿಗೆ ಕಣ್ಣು ಮುಚ್ಚಿದ್ದೆ ಎಂದು ವಾದಿಸಿದರು.

ನಿಜವಾದ ಪರೀಕ್ಷೆಯ ದಿನ ಚಿಕ್ಕೇಗೌಡಣ್ಣನೇ ಮಗಳ ಜೊತೆ ಮೈಸೂರಿಗೆ ಹೋದರು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಹೊಳೆಗೆ ಕೈಮುಗಿದರಂತೆ, ಸಂಜೆಯವರೆಗೂ ಪರೀಕ್ಷೆಯ ಗೇಟಿನ ಹೊರಗೆ ಮರದ ಕೆಳಗೆ ಕೂತಿದ್ದರಂತೆ. ನಾವು ಬೀದಿಯನ್ನೇ ನೋಡುತ್ತಾ ಜಗಲಿಯ ಮೇಲೆ ಕೂತಿದ್ದೆವು. ರತ್ನ ಬಂದವಳು ಪೇಪರು ಹೇಗಿತ್ತೆಂದು ಹೇಳಲಿಲ್ಲ. ಫ್ಯಾನಿನ ಗಾಳಿಗೆ ಅವಳ ಉತ್ತರದ ಹಾಳೆ ಹಾರುತ್ತಿತ್ತಂತೆ, ಕೈಯೆತ್ತಿ ಫ್ಯಾನು ನಿಧಾನ ಮಾಡಿಸಿದಳಂತೆ. ಇಡೀ ರೂಮಿನಲ್ಲಿ ಕೈಯೆತ್ತಿದವಳು ತಾನೊಬ್ಬಳೇ ಎಂದಳು. ಅವ್ವ ಅವಳ ಗಲ್ಲ ಹಿಡಿದು ತಮ್ಮ ಬೆರಳುಗಳಿಗೆ ಮುತ್ತಿಟ್ಟುಕೊಂಡರು. ಅವರ ಮಟ್ಟಿಗೆ ರಿಸಲ್ಟು ಅಲ್ಲಿಗೇ ಬಂದಾಗಿತ್ತು.

ಸೀಟು ಸಿಕ್ಕಿತು. ದೂರದ ಹುಬ್ಬಳ್ಳಿಯಲ್ಲಿ. ಅಲ್ಲಿ ದಿನಾ ಜೋಳದ ರೊಟ್ಟಿಯಂತೆ, ಮುದ್ದೆ ಇಲ್ಲದೆ ಮಗು ಹೇಗೆ ಬದುಕೀತು ಎಂಬುದೊಂದೇ ಅವ್ವನ ಚಿಂತೆಯಾಗಿತ್ತು. ಬದುಕಿದ್ದಾಳೆ. ಈಗ ನಾಲ್ಕನೆಯ ವರ್ಷ. ರೊಟ್ಟಿ ಬಡಿಯುವುದನ್ನೂ ಕಲಿತಿದ್ದಾಳೆ.

ಹೋದ ವಾರ ನಿಪ್ಪಟ್ಟು ಮಾಡಲು ಹೊರಟಿದ್ದೂ ಅವಳಿಗಾಗಿಯೇ. ರಜಕ್ಕೆ ಬಂದಿದ್ದಳು. ನಾನು ಗೋಡೆಯ ಮೇಲೆ ಬೆಳಕಿನ ಚುಕ್ಕೆ ಬೀಳಿಸುತ್ತಾ ನಿಂತಿರುವಾಗ ಬಂದು, ಲಗ್ನಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎಕ್ಸ್‌ರೇ ಹಿಡಿಯುವ ಹಾಗೆ ಕಿಟಕಿಗೆ ಹಿಡಿದಳು. ಎರಡನೆಯ ಪಟ್ಟಿಯಲ್ಲಿ ಮೇಲಿನಿಂದ ಬೆರಳಿಟ್ಟು ಎಣಿಸುತ್ತಾ ಬಂದು ಒಂದು ಕಡೆ ನಿಂತಳು.

"ಅತ್ತೆಮ್ಮ, ಈ ನಲವತ್ಮೂರನೇದು ನೀವು ತಪ್ಪು ಸುಟ್ಟಿದ್ದೀರ. ಗೈಡಿನಲ್ಲಿ ಮೂರನೇ ಸೊನ್ನೆ ಇತ್ತು, ನೀವು ಎರಡನೇದಕ್ಕೆ ತೂತು ಮಾಡಿದೀರ. ನಾನು ಮೂರನೇದಕ್ಕೇ ಹಾಕಿದ್ದೆ."

ನಲವತ್ತೊಂಬತ್ತಕ್ಕೆ ಒಂದು ಸೇರಿಸಿದೆ. ಹಾಗಾದರೆ ಅವತ್ತು ಬಂದದ್ದು ಐವತ್ತು. ಬೇಕಾದಷ್ಟೇ, ಒಂದೂ ಕಮ್ಮಿಯಿಲ್ಲದೆ. ಪರೀಕ್ಷೆಗೆ ಕೂತವಳ ತಪ್ಪು ಕಂಡುಹಿಡಿದೆನೆಂದು ನಾಲ್ಕು ವರ್ಷದಿಂದ ಬಂದವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಯಾವಾಗ ಗೊತ್ತಾಯಿತೇ ಎಂದು ಕೇಳಿದೆ.

"ಅವತ್ತೇ. ನೀವು ಜಗಲಿ ಮೇಲೆ ಎಣಿಸ್ತಿದ್ರಲ್ಲ, ಆಗ."

ಅಪ್ಪ ಒಂದು ಕಮ್ಮಿ ಎಂದಾಗ ಹೇಳಬಾರದಿತ್ತೇ ಎಂದು ಗದರಿದೆ. ಅವಳು ನಕ್ಕಳು. ಈ ನಗು ಹುಬ್ಬಳ್ಳಿಯಲ್ಲಿ ಕಲಿತದ್ದು, ಮೊದಲು ಇರಲಿಲ್ಲ.

"ನಿಮ್ಮ ತಪ್ಪು ಹೇಳೋ ಧೈರ್ಯ ಅವತ್ತಿಗೇ ಇದ್ದಿದ್ರೆ, ಇನ್ನೊಂದು ಹಾಳೇನೂ ಕೇಳಿರ್ತಿದ್ದೆ ಅಲ್ವಾ ಅತ್ತೆಮ್ಮ?"

ನಾನು ದೇವರ ಕೋಣೆಗೆ ಹೋಗಿ ಒಂದು ಊದುಬತ್ತಿ ಹಚ್ಚಿ ತಂದು ಅವಳ ಕೈಗೆ ಕೊಟ್ಟೆ. ನಲವತ್ತಮೂರನೆಯ ಸಾಲು, ಮೂರನೆಯ ಸೊನ್ನೆಯ ಜಾಗ. ಅವಳು ಕಣ್ಣು ಕಿರಿದು ಮಾಡಿ, ಒಂದೇ ಸಲ, ಕೈ ಸ್ವಲ್ಪವೂ ಅಲುಗದ ಹಾಗೆ ಕೆಂಡವನ್ನು ತಾಗಿಸಿದಳು. ಸೂಜಿ ಚುಚ್ಚಲು ಕಲಿತ ಕೈ. ಬೆವರಿರಲಿಲ್ಲ, ನಾನು ಮುಟ್ಟಿ ನೋಡಿದೆ.

ಹೊರಗಿನಿಂದ ಅವ್ವ, ಹೊತ್ತಲ್ಲದ ಹೊತ್ತಿನಲ್ಲಿ ಏನ್ರೇ ಅದು ದೇವರ ವಾಸನೆ ಎಂದು ಕೇಳಿದರು. ರತ್ನ ಅಲ್ಲಿಂದಲೇ, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿ ಹೇಳಿದಳು.

"ಐವತ್ತು ಬಂತು ಅಜ್ಜಿ!"